ಪಿವಿಡಿಎಫ್ ಅಲ್ಟ್ರಾಸೌಂಡ್ ಪ್ರೋಬಿನಲ್ಲಿ ಪ್ರತಿಧ್ವನಿ ಕ್ಷೀಣವಾದಾಗ: ಬಿಚ್ಚುವ ಮೊದಲು ದೋಷ ಹುಡುಕುವ ಕ್ರಮ

ಪಿವಿಡಿಎಫ್ (ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ, ಒತ್ತಿದಾಗ ವಿದ್ಯುತ್ತು ಹುಟ್ಟಿಸುವ ಪ್ಲಾಸ್ಟಿಕ್) ಫಿಲ್ಮಿನಿಂದ ಕಟ್ಟಿದ ಅಲ್ಟ್ರಾಸೌಂಡ್ ಪ್ರೋಬನ್ನು ನೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷಿಸುವಾಗ ಪ್ರತಿಧ್ವನಿ ಕಾಣದಿದ್ದರೆ, ಅಥವಾ ಕಂಡರೂ ಗದ್ದಲದಲ್ಲಿ ಮುಳುಗಿದ್ದರೆ, ಹೆಚ್ಚಿನವರು ಮೊದಲು ದೂರುವುದು ಫಿಲ್ಮನ್ನೇ. ಧ್ರುವೀಕರಣ (ಅಣುಗಳ ವಿದ್ಯುತ್ ಧ್ರುವಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಟ್ಟಿರುವುದು) ಸರಿಯಾಗಿಲ್ಲ, ಸರಕು ಹಳೆಯದು ಎಂದು ತೀರ್ಮಾನಿಸಿ ಪ್ರೋಬನ್ನು ಬಿಚ್ಚುತ್ತಾರೆ. ಬಿಚ್ಚುವಾಗ ಅಂಟು ಕಿತ್ತು, ಎಲೆಕ್ಟ್ರೋಡ್ ಹರಿದು, ದೋಷ ಎಲ್ಲಿತ್ತು ಎಂಬುದಕ್ಕೆ ಇದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಆಮೇಲೆ ಹೊಸ ಫಿಲ್ಮ್ ತರಿಸಿ ಕಟ್ಟಿದರೂ ಫಲಿತಾಂಶ ಮೊದಲಿನಂತೆಯೇ ಇರುವುದುಂಟು. ಫಿಲ್ಮ್ ಕೆಡುವುದೇ ಇಲ್ಲವೆಂದಲ್ಲ. ಆದರೆ ಫಿಲ್ಮಿನಲ್ಲಿ ಹುಟ್ಟಿದ ವೋಲ್ಟೇಜು ರಿಸೀವರ್ ತಲುಪುವ ದಾರಿಯಲ್ಲಿ, ಅಂದರೆ ಕೇಬಲ್, ಡ್ಯಾಂಪಿಂಗ್ ರೆಸಿಸ್ಟರ್, ರಕ್ಷಣಾ ಡಯೋಡ್ ಮತ್ತು ಪ್ರಿಆಂಪ್ಲಿಫೈಯರ್‌ಗಳ ನಡುವೆ, ಕರಗಿಹೋಗುವ ಸಂಭವವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಇಲ್ಲಿ ಕೊಟ್ಟಿರುವ ಕ್ರಮದಲ್ಲಿ ಪ್ರೋಬನ್ನು ಬಿಚ್ಚದೆ ಮಾಡಬಹುದಾದ ಅಳತೆಗಳೆಲ್ಲ ಮೊದಲು ಬರುತ್ತವೆ, ಬ್ಲೇಡು ಕೊನೆಗೆ ಬರುತ್ತದೆ.

ಲೆಕ್ಕಗಳು ಸ್ಪಷ್ಟವಾಗಿರಲೆಂದು ಒಂದು ನಿರ್ದಿಷ್ಟ ಪ್ರೋಬನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಚರ್ಮದ ಪದರಗಳನ್ನು ಚಿತ್ರಿಸಲು ಬಳಸುವ 20 ಮೆಗಾಹರ್ಟ್ಸ್ ಆಸುಪಾಸಿನ ಏಕ-ಎಲಿಮೆಂಟ್ ಪ್ರೋಬು ಅದು. ಫಿಲ್ಮಿನ ದಪ್ಪ 52 ಮೈಕ್ರಾನ್, ಸಕ್ರಿಯ ಭಾಗದ ವ್ಯಾಸ 6 ಮಿಲಿಮೀಟರ್, ಫೋಕಸ್ ದೂರ 20 ಮಿಲಿಮೀಟರ್, ಎರಡೂ ಮುಖಗಳಲ್ಲಿ ತೆಳುವಾದ ಚಿನ್ನದ ಎಲೆಕ್ಟ್ರೋಡ್, ಹಿಂಬದಿಗೆ ಎಪಾಕ್ಸಿ. ಬೇರೆ ದಪ್ಪ, ಬೇರೆ ವ್ಯಾಸದ ಪ್ರೋಬುಗಳಿಗೆ ಅಂಕಿಗಳು ಬದಲಾಗುತ್ತವೆ, ಹುಡುಕುವ ಕ್ರಮ ಬದಲಾಗುವುದಿಲ್ಲ.

ಯಾವುದು ದೋಷ, ಯಾವುದು ಸ್ವಭಾವ

ಎಳೆದು ಧ್ರುವೀಕರಿಸಿದ ಪಿವಿಡಿಎಫ್ ಫಿಲ್ಮಿನಲ್ಲಿ ಪ್ರಬಲವಾದ ಪೀಜೋಎಲೆಕ್ಟ್ರಿಕ್ ಗುಣವಿದೆ ಎಂಬುದನ್ನು ಜಪಾನಿನ ಹೆಯಿಜಿ ಕವಾಯ್ 1969ರಲ್ಲಿ ಪ್ರಕಟಿಸಿದರು. ಆದರೂ ಪಿಜೆಡ್‌ಟಿ ಸೆರಾಮಿಕ್ಕಿನಲ್ಲಿ (ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡು; ಅಲ್ಟ್ರಾಸೌಂಡ್ ಪ್ರೋಬುಗಳ ರೂಢಿಯ ವಸ್ತು) ಕೈ ಪಳಗಿಸಿಕೊಂಡವರಿಗೆ ಈ ಫಿಲ್ಮ್ ಮೊದಲ ನೋಟಕ್ಕೆ ಕೆಟ್ಟಂತೆಯೇ ಕಾಣುತ್ತದೆ. ಒಂದು ನ್ಯೂಟನ್ ಬಲಕ್ಕೆ ಪಿವಿಡಿಎಫ್ ಕೊಡುವ ವಿದ್ಯುದಂಶ 20ರಿಂದ 30 ಪಿಕೊಕೂಲಂಬ್ ಮಾತ್ರ; ಪಿಜೆಡ್‌ಟಿಯದು ನೂರಾರು. ದಪ್ಪದ ದಿಕ್ಕಿನ ಕಪ್ಲಿಂಗ್ ಗುಣಾಂಕ (ವಿದ್ಯುತ್ತು ಕಂಪನವಾಗಿ, ಕಂಪನ ವಿದ್ಯುತ್ತಾಗಿ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) ಪಿವಿಡಿಎಫ್‌ನಲ್ಲಿ 0.12ರಿಂದ 0.15, ಟ್ರೈಫ್ಲೋರೋಎಥಿಲೀನ್ ಸೇರಿಸಿದ ಸಹಪಾಲಿಮರಿನಲ್ಲಿ 0.3ರವರೆಗೆ, ಪಿಜೆಡ್‌ಟಿಯಲ್ಲಿ 0.5ರ ಹತ್ತಿರ. ಹಾಗಾಗಿ ಧ್ವನಿಯನ್ನು ಹೊರಡಿಸುವ ಕೆಲಸದಲ್ಲಿ ಇದು ಸೆರಾಮಿಕ್ಕಿಗೆ ಸಮನಲ್ಲ, ಆಗುವುದೂ ಇಲ್ಲ. 50 ಓಮ್ ವ್ಯವಸ್ಥೆಯಲ್ಲಿ ಹೋಗಿ ಬರುವ ಒಟ್ಟು ನಷ್ಟ 40 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಅದನ್ನು ದೋಷವೆಂದು ಕರೆಯುವಂತಿಲ್ಲ.

ಇದರ ಬಲವಿರುವುದು ಬೇರೆ ಕಡೆ. ಪಿವಿಡಿಎಫ್‌ನ ಅಕೌಸ್ಟಿಕ್ ಇಂಪಿಡೆನ್ಸ್ (ಧ್ವನಿಯ ಹರಿವಿಗೆ ವಸ್ತು ಒಡ್ಡುವ ತಡೆ) ಸುಮಾರು 3.9 ಮೆಗಾರೇಲ್, ನೀರಿನದು ಮತ್ತು ಮೃದು ಅಂಗಾಂಶದ್ದು ಸುಮಾರು 1.5; ಆದುದರಿಂದ ಮುಖಕ್ಕೆ ಬಂದ ಶಕ್ತಿಯ ಐದರಲ್ಲಿ ನಾಲ್ಕು ಭಾಗ ಫಿಲ್ಮಿನೊಳಕ್ಕೆ ದಾಟುತ್ತದೆ. 33 ಮೆಗಾರೇಲ್ ಆಸುಪಾಸಿನ ಪಿಜೆಡ್‌ಟಿಯಲ್ಲಿ ಹೊಂದಾಣಿಕೆಯ ಪದರವಿಲ್ಲದಿದ್ದರೆ ಅಷ್ಟೇ ಪಾಲು ಹಿಂದಿರುಗಿಹೋಗುತ್ತದೆ. ಒತ್ತಡಕ್ಕೆ ಹುಟ್ಟುವ ವೋಲ್ಟೇಜಿನ ಲೆಕ್ಕದಲ್ಲಿ ಪಿವಿಡಿಎಫ್ ಪಿಜೆಡ್‌ಟಿಗಿಂತ ಹತ್ತುಪಟ್ಟು ಮೇಲು. ಟೊರಾಂಟೊದಲ್ಲಿ 1980ರ ದಶಕದ ಕೊನೆಗೆ ಕಣ್ಣಿನ ಸೂಕ್ಷ್ಮ ಅಲ್ಟ್ರಾಸೌಂಡ್ ಚಿತ್ರಣಕ್ಕೆ ಈ ಪಾಲಿಮರುಗಳನ್ನು ಆರಿಸಿಕೊಂಡಿದ್ದು, ವೈದ್ಯಕೀಯ ಅಲ್ಟ್ರಾಸೌಂಡಿನ ತೀವ್ರತೆ ಅಳೆಯುವ ಮೆಂಬ್ರೇನ್ ಹೈಡ್ರೋಫೋನುಗಳಲ್ಲಿ ಇಂದಿಗೂ ಇದೇ ಫಿಲ್ಮ್ ಇರುವುದು ಈ ಕಾರಣಕ್ಕೇ. ವೋಲ್ಟೇಜು ಬೇಕಾದಷ್ಟಿದೆ, ವಿದ್ಯುದಂಶ ಇಲ್ಲ. ಮುಂದೆ ಬರುವ ದೋಷಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದ ಹುಟ್ಟಿದವು.

ದೂರು ಬರೆದುಕೊಳ್ಳುವ ಮೊದಲು ಪ್ರತಿಫಲಕವನ್ನೂ ಸರಿಪಡಿಸಿಕೊಳ್ಳಬೇಕು. ನುಣುಪಾದ ಉಕ್ಕಿನ ಅಥವಾ ದಪ್ಪ ಗಾಜಿನ ತಟ್ಟೆಯನ್ನು ಫೋಕಸ್ ದೂರದಲ್ಲಿಟ್ಟು, ಪ್ರತಿಧ್ವನಿ 27 ಮೈಕ್ರೋಸೆಕೆಂಡಿನ ಹತ್ತಿರ ಬರುತ್ತಿದೆಯೇ ನೋಡಿ, ತಟ್ಟೆಯ ಓರೆಯನ್ನು ಎರಡೂ ದಿಕ್ಕಿನಲ್ಲಿ ತಿದ್ದಿ ಗರಿಷ್ಠಕ್ಕೆ ತರಬೇಕು. ಫಿಲ್ಮಿನ ಮುಖಕ್ಕೆ ಅಂಟಿದ ಗಾಳಿಗುಳ್ಳೆಯನ್ನು ಮೆತ್ತನೆಯ ಕುಂಚದಿಂದ ಒರೆಸಬೇಕು. ಫ್ಲೋರೋಪಾಲಿಮರಿನ ಮೇಲೆ ನೀರು ಸುಲಭವಾಗಿ ಹರಡದ ಕಾರಣ ಗುಳ್ಳೆಗಳು ಅಲ್ಲಿ ಹಟ ಹಿಡಿದು ನಿಲ್ಲುತ್ತವೆ.

ಕೆಪಾಸಿಟೆನ್ಸ್: ಒಂದೇ ಫಿಲ್ಮಿಗೆ ಎರಡು ಉತ್ತರ

ಪ್ರೋಬನ್ನು ಪಲ್ಸರಿನಿಂದ (ಅದಕ್ಕೆ ವೋಲ್ಟೇಜಿನ ಮಿಡಿತ ಕೊಡುವ ಉಪಕರಣದಿಂದ) ಕಳಚಿ, ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರಿಗೆ ಜೋಡಿಸುವುದು ಮೊದಲ ಹೆಜ್ಜೆ. ಇಲ್ಲಿ ಒಂದು ಬಲೆ ಇದೆ. ಪಿವಿಡಿಎಫ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ 1 ಕಿಲೋಹರ್ಟ್ಸಿನಲ್ಲಿ 12ರ ಹತ್ತಿರವಿದ್ದರೆ ಹತ್ತಾರು ಮೆಗಾಹರ್ಟ್ಸಿನಲ್ಲಿ 6ರ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಪ್ರೋಬಿಗೆ ಲೆಕ್ಕ ಹಾಕಿದರೆ 1 ಕಿಲೋಹರ್ಟ್ಸಿನಲ್ಲಿ ಸುಮಾರು 58 ಪಿಕೊಫ್ಯಾರಡ್, 20 ಮೆಗಾಹರ್ಟ್ಸಿನಲ್ಲಿ ಸುಮಾರು 29. ಮೊದಲನೆಯ ಅಂಕಿಯನ್ನು ಅಳೆದು, ಅದನ್ನೇ ಹಿಡಿದು ಹೊಂದಾಣಿಕೆಯ ಇಂಡಕ್ಟರನ್ನು ಸುತ್ತಿದರೆ, ಅದು ಕೆಲಸ ಮಾಡಬೇಕಾದ ಆವೃತ್ತಿಯನ್ನು ಬಿಟ್ಟು ಬೇರೆಡೆ ಹೊಂದಿಕೊಳ್ಳುತ್ತದೆ. ಪ್ರೋಬಿನ ಜೊತೆಗೇ ಬಂದ ಕೇಬಲ್ ಇದ್ದರೆ ಅಷ್ಟೇ ಉದ್ದದ ಖಾಲಿ ಕೇಬಲನ್ನು ಅಳೆದು ಕಳೆಯುವುದನ್ನೂ ಮರೆಯಬಾರದು. ಸಾಮಾನ್ಯ 50 ಓಮ್ ಕೋಆಕ್ಸಿಯಲ್ ಕೇಬಲಿನಲ್ಲಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಇರುತ್ತದೆ.

ಕೇಬಲ್ ಕಳೆದ ಮೇಲೆ ಒಂದೆರಡು ಪಿಕೊಫ್ಯಾರಡ್ ಮಾತ್ರ ಉಳಿದರೆ ತಂತಿಯ ಸಂಪರ್ಕ ಕಡಿದಿದೆ. ಶಾರ್ಟ್ ಕಂಡರೆ ಅಂಚನ್ನು ಅನುಮಾನಿಸಬೇಕು: ಮೊಂಡು ಬ್ಲೇಡಿನಿಂದ ಕತ್ತರಿಸಿದಾಗ ಒಂದು ಮುಖದ ಲೋಹ ಎಳೆದುಕೊಂಡು 52 ಮೈಕ್ರಾನ್ ದಾಟಿ ಇನ್ನೊಂದು ಮುಖವನ್ನು ಮುಟ್ಟಿರುತ್ತದೆ, ಇಲ್ಲವೇ ಸಿಲ್ವರ್ ಎಪಾಕ್ಸಿ ಅಂಚಿನ ಮೇಲೆ ಹರಿದಿರುತ್ತದೆ. ಇವೆರಡೂ ಸುಲಭ.

ಕಷ್ಟವಾದದ್ದು ಕೆಪಾಸಿಟೆನ್ಸ್ ಕಾಲು ಭಾಗದಷ್ಟು ಕಡಿಮೆ ಬರುವ ಸಂದರ್ಭ. ಎಲೆಕ್ಟ್ರೋಡಿನಲ್ಲಿ ಬಿರುಕು ಬಿಟ್ಟು ಒಂದು ತುಂಡು ಸಂಪರ್ಕ ಕಳೆದುಕೊಂಡಿರಬಹುದು. ಗೋಳಾಕಾರದ ಅಚ್ಚಿಗೆ ಒತ್ತಿದ ಫಿಲ್ಮಿನಲ್ಲಿ ಇದು ಅಪರೂಪವಲ್ಲ. ಇನ್ನೊಂದು ಸಾಧ್ಯತೆಯೆಂದರೆ, ಹಿಂಬದಿಯ ಮುಖಕ್ಕೆ ಎಲೆಕ್ಟ್ರೋಡ್ ಹಾಕದೆ ಫಿಲ್ಮನ್ನು ನೇರವಾಗಿ ತಾಮ್ರದ ಪ್ಯಾಡಿಗೆ ಅಂಟಿಸಿದ ವಿನ್ಯಾಸದಲ್ಲಿ, ನಡುವಿನ ಅಂಟು ತಾನೇ ಒಂದು ಸರಣಿ ಕೆಪಾಸಿಟರ್ ಆಗಿ ಕುಳಿತಿರುವುದು. ಅಂಟಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 4 ಎಂದುಕೊಂಡರೆ, 5 ಮೈಕ್ರಾನ್ ಅಂಟು 58 ಪಿಕೊಫ್ಯಾರಡನ್ನು 45ಕ್ಕೆ ಇಳಿಸುತ್ತದೆ. ಎಪಾಕ್ಸಿಯ ಅಕೌಸ್ಟಿಕ್ ಇಂಪಿಡೆನ್ಸ್ ಪಿವಿಡಿಎಫ್‌ಗೆ ಹತ್ತಿರವೇ ಇರುವುದರಿಂದ ಧ್ವನಿಯ ದೃಷ್ಟಿಯಿಂದ ಈ ಪದರ ಅಷ್ಟಾಗಿ ಕಾಡುವುದಿಲ್ಲ, ಆದರೆ ವಿದ್ಯುತ್ತಿನ ದೃಷ್ಟಿಯಿಂದ 20 ಮೈಕ್ರಾನ್ ಅಂಟು ಬಿದ್ದರೆ 20 ಮೆಗಾಹರ್ಟ್ಸಿನಲ್ಲೂ ಪಲ್ಸರಿನ ವೋಲ್ಟೇಜಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಂಟಿನಲ್ಲೇ ಬೀಳುತ್ತದೆ. ಬಿರುಕೋ ಅಂಟೋ ಎಂಬುದನ್ನು ಮುಂದೆ ಹೇಳುವ ಫೋಕಸ್ ಸ್ಕ್ಯಾನಿನಿಂದ ಬೇರ್ಪಡಿಸಬಹುದು: ಬಿರುಕಿದ್ದರೆ ಕಿರಣದ ಆಕಾರ ಕೆಡುತ್ತದೆ, ಸಮನಾದ ಅಂಟಿದ್ದರೆ ಆಕಾರ ಹಾಗೇ ಇದ್ದು ಎತ್ತರ ಮಾತ್ರ ಕುಗ್ಗುತ್ತದೆ.

ಇಂಪಿಡೆನ್ಸ್ ಅನಲೈಸರ್ ಇದ್ದವರು ಅನುರಣನದ ಚೂಪಾದ ಶಿಖರವನ್ನು ಹುಡುಕಲು ಹೋಗಬಾರದು. ಕಪ್ಲಿಂಗ್ ಕಡಿಮೆ, ಆಂತರಿಕ ನಷ್ಟ ಹೆಚ್ಚು ಇರುವ ಈ ಫಿಲ್ಮಿನಲ್ಲಿ ಸಿಗುವುದು ಒಂದು ಮಂದವಾದ ಉಬ್ಬು ಮಾತ್ರ. ಮೆಗಾಹರ್ಟ್ಸ್ ಶ್ರೇಣಿಯಲ್ಲಿ ನಷ್ಟದ ಗುಣಾಂಕ 0.2ರ ಹತ್ತಿರ ಇರುವುದರಿಂದ ಫೇಸ್ ಕೋನ ಮೈನಸ್ 90ರ ಬದಲು ಮೈನಸ್ 79 ಡಿಗ್ರಿಯ ಸುತ್ತ ಓಡಾಡುತ್ತದೆ, ಮತ್ತು ಇದು ಸಹಜ. ಇದೇ ಕಾರಣದಿಂದ ಕೆಟ್ಟ ಸಂಪರ್ಕವೊಂದು ಬಚ್ಚಿಟ್ಟುಕೊಳ್ಳಲೂ ಜಾಗವಿದೆ: ಸಿಲ್ವರ್ ಎಪಾಕ್ಸಿಯ ಬಿಂದುವಿನಲ್ಲಿ 50 ಓಮ್ ಪ್ರತಿರೋಧ ಸೇರಿದ್ದರೆ ಅದು 20 ಮೆಗಾಹರ್ಟ್ಸಿನಲ್ಲಿ 0.18ರಷ್ಟು ನಷ್ಟವನ್ನು ಕೂಡಿಸುತ್ತದೆಯಾದರೂ, ಫಿಲ್ಮಿನ ಸ್ವಂತ ನಷ್ಟದ ಜೊತೆ ಬೆರೆತು ಪ್ರತ್ಯೇಕವಾಗಿ ಕಾಣುವುದಿಲ್ಲ. ಅದಕ್ಕಾಗಿ ಅದೇ ಹಾಳೆಯಿಂದ ಕತ್ತರಿಸಿದ ಒಂದು ಸಾಕ್ಷಿ ತುಂಡನ್ನು, ಎಲೆಕ್ಟ್ರೋಡ್ ಸಮೇತ, ಪ್ರೋಬು ಕಟ್ಟುವ ಯಾವ ಹಂತಕ್ಕೂ ಒಳಪಡಿಸದೆ ಡಬ್ಬಿಯಲ್ಲಿ ಇಟ್ಟಿರಬೇಕು. ಅಳತೆ ಗೊಂದಲವಾದಾಗಲೆಲ್ಲ ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು.

ಫಿಲ್ಮ್ ಜೀವಂತವಾಗಿದೆಯೇ

ಧ್ರುವೀಕರಣ ಉಳಿದಿದೆಯೇ ಎಂದು ತಿಳಿಯಲು ಪ್ರೋಬನ್ನು ಬಿಚ್ಚಬೇಕಾಗಿಲ್ಲ. ಪೀಜೋಎಲೆಕ್ಟ್ರಿಕ್ ಗುಣವನ್ನು ಕೊಡುವ ಧ್ರುವೀಕರಣವೇ ಉಷ್ಣತೆ ಬದಲಾದಾಗಲೂ ವಿದ್ಯುದಂಶವನ್ನು ಬಿಡುಗಡೆ ಮಾಡುತ್ತದೆ. ಅಲ್ಟ್ರಾಸೌಂಡ್ ಪ್ರೋಬನ್ನು ಆಸಿಲೋಸ್ಕೋಪಿನ ಹತ್ತು ಮೆಗಾಓಮಿನ ಅಳತೆ-ಪ್ರೋಬಿಗೆ ಜೋಡಿಸಿ, ನಿಧಾನ ಸ್ವೀಪಿನಲ್ಲಿಟ್ಟು, ಮುಖವನ್ನು ಕೋಣೆಯ ಉಷ್ಣತೆಯ ನೀರಿನಿಂದ ತೆಗೆದು 35 ಡಿಗ್ರಿಯ ನೀರಿಗೆ ಇಳಿಸಿದರೆ ಕೆಲವು ಹತ್ತು ಮಿಲಿವೋಲ್ಟಿನ ಒಂದು ಏರು ಕಾಣಬೇಕು. ಮರಳಿ ತಣ್ಣನೆಯ ನೀರಿಗೆ ತಂದಾಗ ಅದೇ ಏರು ತಿರುವುಮುರುವಾಗಿ ಕಾಣಬೇಕು. ಚಿಹ್ನೆ ಬದಲಾಗದೆ ಎರಡೂ ಬಾರಿ ಒಂದೇ ಕಡೆಗೆ ಸರಿದರೆ ಕಾಣುತ್ತಿರುವುದು ಸೋರಿಕೆಯ ಪರಿಣಾಮ, ಧ್ರುವೀಕರಣದ್ದಲ್ಲ. ಬೆರಳಿನಿಂದ ಒತ್ತಿ ನೋಡುವ ರೂಢಿ ಕೆಲವರಲ್ಲಿದೆ. ಒತ್ತಿದಾಗ ಬಾಗುವಿಕೆಯ ಸಂಕೇತವೂ ಮೈಯಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಬೆರೆಯುವುದರಿಂದ ಅದನ್ನು ನಾನು ಅಳತೆಯೆಂದು ಎಣಿಸುವುದಿಲ್ಲ.

ಈ ಉಷ್ಣ ಸಂಕೇತವೇ ಇನ್ನೊಂದು ದೋಷದ ಮೂಲವೂ ಹೌದು. ಹೊರಗೆ ಯಾವ ಲೋಡೂ ಇಲ್ಲದ ನಮ್ಮ ಫಿಲ್ಮಿನಲ್ಲಿ ಒಂದು ಡಿಗ್ರಿ ಬದಲಾವಣೆಗೆ ಹತ್ತು ವೋಲ್ಟಿಗೂ ಮಿಕ್ಕಿದ ವೋಲ್ಟೇಜು ಹುಟ್ಟಬಲ್ಲದು. ಗೇಟಿಗೆ (ಸಂಕೇತ ಒಳಬರುವ ತುದಿಗೆ) ಸೋರುವ ರೆಸಿಸ್ಟರ್ ಹಾಕದ ಜೆಫೆಟ್ ಟ್ರಾನ್ಸಿಸ್ಟರಿನ ಪ್ರಿಆಂಪ್ಲಿಫೈಯರ್, ಪ್ರೋಬನ್ನು ಗಾಳಿಯಿಂದ ನೀರಿಗೆ ಇಳಿಸಿದ ಕೂಡಲೇ ಒಂದು ತುದಿಗೆ ಅಂಟಿಕೊಂಡು ಕೆಲವು ಸೆಕೆಂಡು ಕುರುಡಾಗುವುದು ಇದರಿಂದಲೇ. ಪ್ರತಿಧ್ವನಿ ಮೊದಲು ಇರದೆ ಸ್ವಲ್ಪ ಹೊತ್ತಿನ ನಂತರ ತಾನಾಗಿ ಬರುತ್ತಿದ್ದರೆ ಗೇಟಿನಿಂದ ನೆಲಕ್ಕೆ ಒಂದು ಮೆಗಾಓಮ್ ಸೇರಿಸಿ ನೋಡಬೇಕು.

ಎರಡು ಫಿಲ್ಮುಗಳನ್ನು ಜೋಡಿಸಿ, ನಡುವಿನ ಎಲೆಕ್ಟ್ರೋಡಿನಿಂದ ಸಂಕೇತ ತೆಗೆದು, ಹೊರಮುಖಗಳೆರಡನ್ನೂ ನೆಲಕ್ಕೆ ಕಟ್ಟುವ ವಿನ್ಯಾಸದಲ್ಲಿ ವಿಶೇಷವಾದ ಒಂದು ತಪ್ಪು ನುಸುಳುತ್ತದೆ. ಒಂದು ಫಿಲ್ಮ್ ಮಗುಚಿಕೊಂಡಿದ್ದರೆ ಕೆಪಾಸಿಟೆನ್ಸ್ ಲೆಕ್ಕದಂತೆಯೇ ಇರುತ್ತದೆ, ಆದರೆ ಬಿಸಿನೀರಿನ ಪರೀಕ್ಷೆಯಲ್ಲಿ ಎರಡರ ಸಂಕೇತವೂ ಒಂದನ್ನೊಂದು ಅಳಿಸಿ ಸೊನ್ನೆಯ ಹತ್ತಿರ ಬರುತ್ತದೆ, ಮತ್ತು ಮೂಲ ಆವೃತ್ತಿಯಲ್ಲಿ ಪ್ರತಿಧ್ವನಿಯೂ ಇರುವುದಿಲ್ಲ. ಈ ಎರಡು ಲಕ್ಷಣಗಳು ಒಟ್ಟಿಗೆ ಕಂಡರೆ ಬೇರೇನನ್ನೂ ಹುಡುಕಬೇಕಾಗಿಲ್ಲ.

ದಾರಿಯಲ್ಲಿ ಕರಗುವ ವೋಲ್ಟೇಜು

ಕೆಪಾಸಿಟೆನ್ಸ್ ಸರಿ, ಧ್ರುವೀಕರಣ ಸರಿ, ಆದರೂ ಪ್ರತಿಧ್ವನಿ ಕ್ಷೀಣ ಎಂದಾದರೆ ಇಲ್ಲಿ ನಿಧಾನಿಸಿ ನೋಡಬೇಕು. 29 ಪಿಕೊಫ್ಯಾರಡಿನ ಮೂಲಕ್ಕೆ ಒಂದು ಮೀಟರ್ ಕೇಬಲಿನ 100 ಪಿಕೊಫ್ಯಾರಡನ್ನು ಸಮಾಂತರವಾಗಿ ಕಟ್ಟಿದರೆ ವೋಲ್ಟೇಜು 129ರಲ್ಲಿ 29 ಪಾಲಿಗೆ ಇಳಿಯುತ್ತದೆ. ಅಂದರೆ ಫಿಲ್ಮ್ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದ ಮೇಲೂ 13 ಡೆಸಿಬೆಲ್ ಕೇಬಲಿಗೆ ಹೋಗುತ್ತದೆ. ಅದೇ ಗಾತ್ರದ ಪಿಜೆಡ್‌ಟಿ ಎಲಿಮೆಂಟಿನ ಕೆಪಾಸಿಟೆನ್ಸ್ ನೂರಾರು ಪಿಕೊಫ್ಯಾರಡ್ ಇರುವುದರಿಂದ ಅಲ್ಲಿ ಇಂಥ ಕೇಬಲ್ ಹೆಚ್ಚು ತೊಂದರೆ ಕೊಡದು, ಮತ್ತು ಅದೇ ಅಭ್ಯಾಸದಲ್ಲಿ ಇಲ್ಲಿಯೂ ಉದ್ದನೆಯ ಕೇಬಲ್ ಬಂದು ಸೇರುತ್ತದೆ. ಒಂದು ವೇಳೆ ಎಲಿಮೆಂಟಿನ ಗಾತ್ರ ಅರೇ ಪ್ರೋಬುಗಳಲ್ಲಿರುವಂತೆ (ಹಲವು ಸಣ್ಣ ಎಲಿಮೆಂಟುಗಳ ಸಾಲಿರುವ ಪ್ರೋಬುಗಳಲ್ಲಿ) 0.1 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದ ಆಗಿದ್ದರೆ ಅದರ ಕೆಪಾಸಿಟೆನ್ಸ್ ಮೂರನೇ ಒಂದು ಪಿಕೊಫ್ಯಾರಡ್ ಕೂಡ ಇರದು. ಅದಕ್ಕೆ ಆಂಪ್ಲಿಫೈಯರನ್ನು ಫಿಲ್ಮಿನ ಕೆಳಗೇ ಕೂರಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ರಿಸೀವರಿನ ಇನ್‌ಪುಟ್ 50 ಓಮ್ ಆಗಿದ್ದರೆ ಚಿತ್ರ ಬೇರೆ. 29 ಪಿಕೊಫ್ಯಾರಡಿನ ರಿಯಾಕ್ಟೆನ್ಸ್ 20 ಮೆಗಾಹರ್ಟ್ಸಿನಲ್ಲಿ ಸುಮಾರು 274 ಓಮ್. ಅದರ ಎದುರು 50 ಓಮ್ ಇಟ್ಟರೆ ನಷ್ಟ 15 ಡೆಸಿಬೆಲ್. ಇಲ್ಲಿ ಬಹಳ ಜನ ಗಮನಿಸದ ಸಂಗತಿ, ಪ್ರೋಬಿಗೆ ಸಮಾಂತರವಾಗಿ ಕೂರುವ ರೆಸಿಸ್ಟರನ್ನು ಬದಲಿಸುವ, ಪಲ್ಸರ್-ರಿಸೀವರಿನ ಡ್ಯಾಂಪಿಂಗ್ ಗುಂಡಿ. ರಿಸೀವರಿನ ಇನ್‌ಪುಟ್ ಎಷ್ಟೇ ಹೆಚ್ಚು ಓಮಿನದಾಗಿದ್ದರೂ ಡ್ಯಾಂಪಿಂಗ್ 50 ಓಮಿನಲ್ಲಿದ್ದರೆ ಪ್ರೋಬಿಗೆ ಕಾಣುವುದು ಅದೇ 50 ಓಮ್. ಗುಂಡಿಯನ್ನು ಒಂದೊಂದೇ ಹಂತ ಮೇಲಕ್ಕೆ ತಿರುಗಿಸುತ್ತ ಪ್ರತಿಧ್ವನಿಯ ಎತ್ತರವನ್ನು ಬರೆದುಕೊಳ್ಳುವುದು ಕೆಲವೇ ನಿಮಿಷದ ಕೆಲಸ, ಮತ್ತು ಬಹಳ ಸಲ ದೋಷ ಅಲ್ಲೇ ಸಿಗುತ್ತದೆ.

ಎರಡರಲ್ಲಿ ಯಾವುದು ಕಾಡುತ್ತಿದೆ ಎಂದು ತಿಳಿಯಲು ಕೇಬಲಿಗೆ ಇನ್ನೂ ಅರ್ಧ ಮೀಟರ್ ಸೇರಿಸಿ ನೋಡಬೇಕು. ಪ್ರತಿಧ್ವನಿ ಎರಡು-ಮೂರು ಡೆಸಿಬೆಲ್ ಇಳಿದರೆ ಪ್ರೋಬು ಹೆಚ್ಚಿನ ಪ್ರತಿರೋಧದ ಇನ್‌ಪುಟ್ಟನ್ನು ನೋಡುತ್ತಿದೆ, ನಷ್ಟಕ್ಕೆ ಕಾರಣ ಕೇಬಲಿನ ಕೆಪಾಸಿಟೆನ್ಸ್. ಹೆಚ್ಚೇನೂ ಬದಲಾಗದಿದ್ದರೆ ಲೋಡು 50 ಓಮಿನದು. ಅರ್ಧ ಮೀಟರಿಗೇ ನಿಲ್ಲಿಸಬೇಕು ಎನ್ನುವುದಕ್ಕೆ ಕಾರಣವಿದೆ: 20 ಮೆಗಾಹರ್ಟ್ಸಿನಲ್ಲಿ ಕೇಬಲಿನೊಳಗಿನ ತರಂಗಾಂತರ ಸುಮಾರು 10 ಮೀಟರ್, ಆದುದರಿಂದ ಒಟ್ಟು ಉದ್ದ ಎರಡು ಮೀಟರ್ ದಾಟಿದರೆ ಅದು ಬರೀ ಕೆಪಾಸಿಟರಿನಂತೆ ವರ್ತಿಸುವುದಿಲ್ಲ, ಕಾಲು ತರಂಗದ ಹತ್ತಿರ ಬಂದು ಲೆಕ್ಕವನ್ನೆಲ್ಲ ಕಲಸಿಬಿಡುತ್ತದೆ.

ಪರಿಹಾರ ಗೊತ್ತಿರುವುದೇ. ಕಡಿಮೆ ಇನ್‌ಪುಟ್ ಕೆಪಾಸಿಟೆನ್ಸಿನ ಫಾಲೋವರ್ (ವೋಲ್ಟೇಜನ್ನು ಹೆಚ್ಚಿಸದೆ ಹಾಗೆಯೇ ಮುಂದಕ್ಕೆ ದಾಟಿಸುವ ಆಂಪ್ಲಿಫೈಯರ್) ಒಂದನ್ನು ಪ್ರೋಬಿನ ಹಿಡಿಕೆಯೊಳಗೇ, ಫಿಲ್ಮಿನಿಂದ ಎರಡು-ಮೂರು ಸೆಂಟಿಮೀಟರ್ ದೂರದಲ್ಲಿ ಇಡಬೇಕು. ದಾರಿಯ ತಂತಿಗೆ 3, ಟ್ರಾನ್ಸಿಸ್ಟರಿಗೆ 5 ಪಿಕೊಫ್ಯಾರಡ್ ಎಂದು ಹಿಡಿದರೆ ನಷ್ಟ 13 ಡೆಸಿಬೆಲ್‌ನಿಂದ ಸುಮಾರು 2ಕ್ಕೆ ಇಳಿಯುತ್ತದೆ. ಪಲ್ಸರಿನ ವೋಲ್ಟೇಜಿನಿಂದ ಅದನ್ನು ಕಾಪಾಡುವ ಡಯೋಡುಗಳೂ ತಮ್ಮ ಪಾಲಿನ ಕೆಲವು ಪಿಕೊಫ್ಯಾರಡನ್ನು ಸೇರಿಸುತ್ತವೆ. ದೊಡ್ಡ ವಿದ್ಯುತ್ತಿನ ರೆಕ್ಟಿಫೈಯರ್ ಡಯೋಡನ್ನು ಆ ಜಾಗದಲ್ಲಿ ಹಾಕಿದರೆ ಗಳಿಸಿದ್ದೆಲ್ಲ ಮತ್ತೆ ಹೋಗುತ್ತದೆ. ಇಂಡಕ್ಟರಿನಿಂದ ಹೊಂದಿಸುವುದೂ ಒಂದು ದಾರಿ, ಆದರೆ ಅದು ಬ್ಯಾಂಡ್‌ವಿಡ್ತನ್ನು ಕಿತ್ತುಕೊಳ್ಳುತ್ತದೆ, ಮತ್ತು ಕೇಬಲಿಗೆ ಕಟ್ಟುಬೀಳುತ್ತದೆ. ಫಿಲ್ಮ್ ಒಂದಕ್ಕೇ 2.2 ಮೈಕ್ರೋಹೆನ್ರಿ ಸಾಕಾಗುವಲ್ಲಿ ಒಂದು ಮೀಟರ್ ಕೇಬಲ್ ಸೇರಿದರೆ ಸುಮಾರು 0.5 ಮೈಕ್ರೋಹೆನ್ರಿ ಬೇಕಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಪ್ರೋಬು ಇಂದು ಮಂಕಾಗಿದೆ ಎಂಬ ದೂರು ಬಂದಾಗ ನಡುವೆ ಯಾರಾದರೂ ಕೇಬಲ್ ಬದಲಿಸಿದ್ದಾರೆಯೇ ಎಂದು ಮೊದಲು ಕೇಳಬೇಕು.

ಆವೃತ್ತಿ ಲೆಕ್ಕಕ್ಕೆ ಬಾರದಿದ್ದಾಗ

52 ಮೈಕ್ರಾನ್ ಫಿಲ್ಮಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 2200 ಮೀಟರ್. ಅರ್ಧ ತರಂಗದ ಲೆಕ್ಕದಲ್ಲಿ ಅನುರಣನ 21 ಮೆಗಾಹರ್ಟ್ಸ್. ಅಳೆದಾಗ 10 ಅಥವಾ 11 ಬಂದರೆ ಫಿಲ್ಮಿನ ದಪ್ಪ ತಪ್ಪಿದೆ ಎಂದುಕೊಳ್ಳುವ ಮೊದಲು ಹಿಂಬದಿಯಲ್ಲಿ ಏನಿದೆ ಎಂದು ನೋಡಬೇಕು. ಫಿಲ್ಮಿಗಿಂತ ಹೆಚ್ಚು ಇಂಪಿಡೆನ್ಸಿನ ಹಿತ್ತಾಳೆ, ತಾಮ್ರ ಅಥವಾ ಅಲ್ಯೂಮಿನಾ ಬೆನ್ನಿಗಿದ್ದರೆ ಆ ಮುಖ ಅಲುಗಾಡದೆ ನಿಂತು ಕಾಲು ತರಂಗದ ಅನುರಣನ ಏಳುತ್ತದೆ, ಆವೃತ್ತಿ ಅರ್ಧಕ್ಕೆ ಇಳಿಯುತ್ತದೆ. ಸರ್ಕ್ಯೂಟ್ ಬೋರ್ಡಿನ 35 ಮೈಕ್ರಾನ್ ತಾಮ್ರದ ಮೇಲೆ ಅಂಟಿಸಿದ ಫಿಲ್ಮು ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಅದನ್ನು ಸರಳ ಸೂತ್ರದಿಂದ ಊಹಿಸಲಾಗದು. ಪ್ರೋಬಿನ ಪದರಗಳನ್ನು ವಿದ್ಯುತ್ ಸರ್ಕ್ಯೂಟಿನಂತೆ ಬರೆಯುವ ಮೇಸನ್ ಅಥವಾ ಕೆಎಲ್‌ಎಂ ಮಾದರಿಯಲ್ಲಿ ತಾಮ್ರವನ್ನೂ ಒಂದು ಪದರವಾಗಿ ಬರೆದು ಲೆಕ್ಕ ಹಾಕಬೇಕು.

ಕೆಲವು ಮೆಗಾಹರ್ಟ್ಸ್ ಮಾತ್ರ ಕೆಳಗಿಳಿದಿದ್ದರೆ ಎಲೆಕ್ಟ್ರೋಡಿನ ತೂಕವನ್ನು ನೋಡಬೇಕು. ಆವಿಯಿಂದ ಲೇಪಿಸಿದ ಚಿನ್ನ ಮೈಕ್ರಾನಿನ ಒಂದೆರಡು ದಶಮಾಂಶ ದಪ್ಪವಿದ್ದು ಲೆಕ್ಕಕ್ಕೆ ಬರುವುದಿಲ್ಲ; ಸ್ಕ್ರೀನ್ ಪ್ರಿಂಟ್ ಮಾಡಿದ ಬೆಳ್ಳಿ ಶಾಯಿ ಹಲವು ಮೈಕ್ರಾನ್ ಇರುತ್ತದೆ, ಮತ್ತು 9 ಮೈಕ್ರಾನ್ ಫಿಲ್ಮಿನ ಮೇಲೆ ಅದನ್ನು ಹಾಕಿದರೆ ಕಂಪಿಸುವುದು ಫಿಲ್ಮೋ ಬೆಳ್ಳಿಯೋ ಎಂದು ಹೇಳುವುದು ಕಷ್ಟ. ನೀರು ತಾನೂ ಸ್ವಲ್ಪ ಪಾಲು ಕದಿಯುತ್ತದೆ. ಫೋಕಸ್‌ಗೆ ಹೋಗಿ ಬರುವ 40 ಮಿಲಿಮೀಟರಿನಲ್ಲಿ 20 ಮೆಗಾಹರ್ಟ್ಸಿಗೆ 3.5 ಡೆಸಿಬೆಲ್, 30 ಮೆಗಾಹರ್ಟ್ಸಿಗೆ ಸುಮಾರು 8 ಡೆಸಿಬೆಲ್ ನಷ್ಟವಾಗುವುದರಿಂದ, ಅಗಲವಾದ ಬ್ಯಾಂಡಿನ ಪಲ್ಸಿನಲ್ಲಿ ಮೇಲಿನ ಭಾಗ ಹೆಚ್ಚು ಸವೆದು ಮಧ್ಯದ ಆವೃತ್ತಿ ಒಂದೆರಡು ಮೆಗಾಹರ್ಟ್ಸ್ ಕೆಳಗೆ ಕಾಣುತ್ತದೆ. ಅದು ದೋಷವಲ್ಲ.

ಅಲುಗಾಡದ ಪ್ರತಿಧ್ವನಿಗಳು, ಮತ್ತು ಗದ್ದಲ

ಪ್ರತಿಫಲಕವನ್ನು ಹಿಂದೆ ಮುಂದೆ ಸರಿಸಿದಾಗ ಅದರ ಜೊತೆ ಸರಿಯದೆ ಒಂದೇ ಜಾಗದಲ್ಲಿ ನಿಂತ ಪ್ರತಿಧ್ವನಿ ಪ್ರೋಬಿನ ಒಳಗಿನದು. ಹಿಂಬದಿಯ ಎಪಾಕ್ಸಿ 10 ಮಿಲಿಮೀಟರ್ ಇದ್ದು ಅದರ ಕೊನೆಯ ಮುಖ ಸಮತಟ್ಟಾಗಿದ್ದರೆ 8 ಮೈಕ್ರೋಸೆಕೆಂಡಿನ ಹತ್ತಿರ ಇಂಥದ್ದೊಂದು ಏಳುತ್ತದೆ. ಆ ಮುಖವನ್ನು ಓರೆಯಾಗಿ ಕತ್ತರಿಸುವುದು, ಇಲ್ಲವೇ ಎಪಾಕ್ಸಿಗೆ ಟಂಗ್‌ಸ್ಟನ್ ಪುಡಿಯನ್ನೋ ಸೂಕ್ಷ್ಮ ಗುಳ್ಳೆಗಳನ್ನೋ ಬೆರೆಸಿ ಧ್ವನಿಯನ್ನು ಹೀರಿಕೊಳ್ಳುವಂತೆ ಮಾಡುವುದು ರೂಢಿ. ಟಂಗ್‌ಸ್ಟನ್ ಹೆಚ್ಚಾದರೆ ಹಿಂಬದಿ ಭಾರವಾಗಿ ಈಗ ಹೇಳಿದ ಕಾಲು ತರಂಗದ ತೊಂದರೆ ತಲೆಯೆತ್ತಬಹುದು.

ಪಲ್ಸರನ್ನು ಆರಿಸಿದ ಮೇಲೂ ಪರದೆಯ ಮೇಲೆ ಗದ್ದಲ ಇದ್ದರೆ ಅದು ಹೊರಗಿನಿಂದ ಬರುತ್ತಿದೆ. ಹೆಚ್ಚಿನ ಪ್ರತಿರೋಧದ ಈ ಫಿಲ್ಮು ಒಳ್ಳೆಯ ಆಂಟೆನಾ. ಹೊರಮುಖದ ಎಲೆಕ್ಟ್ರೋಡ್ ನೆಲಕ್ಕೆ, ಒಳಮುಖದ್ದು ಸಂಕೇತಕ್ಕೆ ಎಂಬ ನಿಯಮವನ್ನು ಎಂದೂ ಮುರಿಯಬಾರದು. ಇದು ಗದ್ದಲದ ವಿಷಯ ಮಾತ್ರವಲ್ಲ, ಪಲ್ಸರಿನ ನೂರಾರು ವೋಲ್ಟಿನ ಮುಖ ರೋಗಿಯ ಚರ್ಮದ ಕಡೆಗೆ ಇರಬಾರದು ಎಂಬ ಸುರಕ್ಷತೆಯ ವಿಷಯವೂ ಹೌದು. ಅದಾದ ಮೇಲೆ ಎಲ್‌ಇಡಿ ದೀಪ, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದನ್ನೇ ಆರಿಸಿ ನೋಡಿದರೆ ಸಾಮಾನ್ಯವಾಗಿ ಕಳ್ಳ ಸಿಕ್ಕಿಬೀಳುತ್ತಾನೆ.

ನಿಜವಾಗಿಯೂ ಫಿಲ್ಮ್ ಕೆಟ್ಟಿದ್ದರೆ

ಬಿಸಿನೀರಿನ ಪರೀಕ್ಷೆಯಲ್ಲಿ ಸಾಕ್ಷಿ ತುಂಡಿಗಿಂತ ಪ್ರೋಬಿನ ಸಂಕೇತ ಸ್ಪಷ್ಟವಾಗಿ ಕಡಿಮೆ ಬಂದರೆ ಮಾತ್ರ ಧ್ರುವೀಕರಣ ಹೋಗಿದೆ ಎನ್ನಬಹುದು. ಆಗಲೂ ಪಲ್ಸರಿನ ಮೇಲೆ ಅನುಮಾನ ಪಡುವುದು ವ್ಯರ್ಥ. ಪಿವಿಡಿಎಫ್‌ನ ಧ್ರುವೀಕರಣವನ್ನು ತಿರುಗಿಸಲು ಮೈಕ್ರಾನಿಗೆ ಸುಮಾರು 50 ವೋಲ್ಟ್ ಬೇಕು, ಅಂದರೆ ನಮ್ಮ ಫಿಲ್ಮಿಗೆ 2600 ವೋಲ್ಟ್. 200 ವೋಲ್ಟಿನ ಪಲ್ಸು ಅದರ ಹತ್ತಿರಕ್ಕೂ ಬಾರದು. ಕಾರಣ ಬಹುಮಟ್ಟಿಗೆ ಶಾಖ. ಪಿವಿಡಿಎಫ್ 170 ಡಿಗ್ರಿಯ ಮೇಲೆ ಕರಗುವುದಾದರೂ 80 ಡಿಗ್ರಿಯಿಂದಲೇ ಧ್ರುವೀಕರಣ ಸಡಿಲವಾಗತೊಡಗುತ್ತದೆ, ಎಳೆದ ಫಿಲ್ಮು ಎಳೆದ ದಿಕ್ಕಿನಲ್ಲಿ ಕುಗ್ಗತೊಡಗುತ್ತದೆ. ಎಲೆಕ್ಟ್ರೋಡಿಗೆ ನೇರವಾಗಿ ಬೆಸುಗೆ ಹಾಕುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಿಲ್ವರ್ ಎಪಾಕ್ಸಿಯ ಡಬ್ಬಿಯ ಮೇಲೆ 120 ಅಥವಾ 150 ಡಿಗ್ರಿಯಲ್ಲಿ ಗಟ್ಟಿಮಾಡಿ ಎಂದು ಬರೆದಿರುವುದನ್ನು ಹಾಗೆಯೇ ಪಾಲಿಸಿ ಓವನ್ನಿಗೆ ಇಟ್ಟವರು ಕಡಿಮೆಯಿಲ್ಲ. ಕೋಣೆಯ ಉಷ್ಣತೆಯಲ್ಲಿ ಒಂದು ದಿನ ಬಿಟ್ಟು ಗಟ್ಟಿಯಾಗುವ ಬಗೆಯನ್ನೇ ಆರಿಸಬೇಕು. ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿಯದು. ಅದರೊಳಗೆ ಒಮ್ಮೆ ಹೋದ ಪ್ರೋಬು ಮುಗಿಯಿತು. ಫಿಲ್ಮಿನ ಮೇಲೆ ಒಂದೇ ದಿಕ್ಕಿಗೆ ಓಡುವ ಸಣ್ಣ ಸುಕ್ಕುಗಳು ಕಂಡರೆ ಶಾಖ ತಗುಲಿದ್ದಕ್ಕೆ ಬೇರೆ ಪುರಾವೆ ಬೇಡ.

ದ್ರಾವಕಗಳ ವಿಷಯದಲ್ಲೂ ಎಚ್ಚರ ಬೇಕು. ಅಸಿಟೋನ್ ಮತ್ತು ಅದರ ಜಾತಿಯ ಕೀಟೋನುಗಳು ಪಿವಿಡಿಎಫ್ ಅನ್ನು ಉಬ್ಬಿಸುತ್ತವೆ, ಸಹಪಾಲಿಮರನ್ನು ಕರಗಿಸಿಯೇ ಬಿಡುತ್ತವೆ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಕಿರಣದ ಆಕಾರವನ್ನು ಪರೀಕ್ಷಿಸಲು ಫೋಕಸಿನಲ್ಲಿ ತೆಳ್ಳನೆಯ ಟಂಗ್‌ಸ್ಟನ್ ತಂತಿಯನ್ನು ಅಡ್ಡ ಹಿಡಿದು ಪ್ರೋಬನ್ನು ಎರಡೂ ದಿಕ್ಕಿನಲ್ಲಿ ಸರಿಸಿ ನೋಡಬೇಕು. ನಮ್ಮ ಪ್ರೋಬಿನಲ್ಲಿ ಪ್ರತಿಧ್ವನಿ ಅರ್ಧಕ್ಕೆ ಇಳಿಯುವ ಅಗಲ ಸುಮಾರು 0.25 ಮಿಲಿಮೀಟರ್ ಬರಬೇಕು. ಎರಡು ದಿಕ್ಕಿನ ಅಗಲಗಳು ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಫಿಲ್ಮನ್ನು ಗೋಳಾಕಾರಕ್ಕೆ ಒತ್ತುವಾಗ ಅದು ಒಂದು ಕಡೆ ಸುಕ್ಕಾಗಿದೆ ಅಥವಾ ಒಂದು ಬದಿಯಲ್ಲಿ ಅಂಟು ಬಿಟ್ಟಿದೆ. ಫ್ಲೋರೋಪಾಲಿಮರಿಗೆ ಎಪಾಕ್ಸಿ ಸುಲಭವಾಗಿ ಹಿಡಿಯದು. ಅಂಟಿಸುವ ಮುಖವನ್ನು ಪ್ಲಾಸ್ಮಾದಿಂದ ಅಥವಾ ರಾಸಾಯನಿಕವಾಗಿ ಒರಟುಗೊಳಿಸದೆ ಕಟ್ಟಿದ ಪ್ರೋಬುಗಳಲ್ಲಿ ಕೆಲವು ವಾರಗಳ ಬಳಕೆಯ ನಂತರ ಅಂಚಿನಿಂದ ಅಂಟು ಬಿಡುವುದು ನಿರೀಕ್ಷಿತವೇ. ಬ್ಲೇಡು ಕೈಗೆ ತೆಗೆದುಕೊಳ್ಳಲು ಇದೊಂದು ನ್ಯಾಯವಾದ ಕಾರಣ.

ಅಂಟು ಬಿಟ್ಟ ಅಂಚಿನಿಂದಲೇ ನೀರೂ ಒಳಗೆ ಇಳಿಯುತ್ತದೆ. ಫಿಲ್ಮು ತಾನು ನೀರನ್ನು ಬಹುತೇಕ ಹೀರಿಕೊಳ್ಳುವುದಿಲ್ಲ, ಆದರೆ ಎಲೆಕ್ಟ್ರೋಡಿನ ಅಂಚಿನಲ್ಲಿ ನಿಂತ ತೇವ ಸೋರಿಕೆಯ ದಾರಿಯಾಗುತ್ತದೆ. ಇದು 20 ಮೆಗಾಹರ್ಟ್ಸಿನಲ್ಲಿ ಬೇಗ ಕಾಣದು. 1 ಕಿಲೋಹರ್ಟ್ಸಿನ ನಷ್ಟದ ಗುಣಾಂಕದಲ್ಲಿ ಕಾಣುತ್ತದೆ. ಒಣಗಿದ, ಆರೋಗ್ಯವಾದ ಫಿಲ್ಮಿನಲ್ಲಿ ಅದು 0.02ರ ಆಸುಪಾಸಿನಲ್ಲಿರುತ್ತದೆ. ಪ್ರತಿ ಬಳಕೆಯ ನಂತರ ಈ ಒಂದು ಅಂಕಿಯನ್ನು ಪ್ರೋಬಿನ ಪುಸ್ತಕದಲ್ಲಿ ಬರೆದಿಟ್ಟರೆ, ಅದು 0.05 ದಾಟಿ ಮೇಲೇರತೊಡಗಿದಾಗ, ಪ್ರತಿಧ್ವನಿ ಇನ್ನೂ ಸರಿಯಾಗಿಯೇ ಇರುವಾಗಲೇ, ಪ್ರೋಬನ್ನು ಪಕ್ಕಕ್ಕಿಟ್ಟು ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗಿಸಿ, ಅಂಚನ್ನು ಮತ್ತೆ ಮುಚ್ಚಿ, ಮುಖಕ್ಕೆ ಪ್ಯಾರಿಲೀನ್ (ತೇವ ತಡೆಯುವ ತೆಳು ಪಾಲಿಮರ್) ಲೇಪ ಕೊಡಿಸಬಹುದು. ಬೇಗ ಒಣಗಲೆಂದು ಓವನ್ ಬಳಸುವುದಾದರೆ ಅದರ ಗುಂಡಿ 50 ಡಿಗ್ರಿ ದಾಟಬಾರದು.